ಬೆಳಕು ಬರ್ತದೆ

ಚಮಚವನ್ನು ತುಟಿಯವರೆಗೆ ಒಯ್ದು, ಮುದುಕಿ ಬಾಯಿ ತೆರೆದ ಕೂಡಲೇ ಹಿಂದಕ್ಕೆಳೆದುಕೊಳ್ಳುವುದು ಅಂಥ ದೊಡ್ಡ ಪಾಪವೇನಲ್ಲ ಎಂದು ಧರ್ಮಪಾಲ ಎಂದೋ ತೀರ್ಮಾನಿಸಿಬಿಟ್ಟಿದ್ದ. ಕೊನೆಗೆ ಗಂಜಿ ಕುಡಿಸಿಯೇ ಕುಡಿಸುತ್ತಿದ್ದನಲ್ಲ. ಗಲ್ಲಕ್ಕೆ ಇಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ, ದಿಂಬು ತಿರುವಿ ಹಾಕುತ್ತಿದ್ದ, ಬಟ್ಟಲು ತೊಳೆದು ಬೋರಲು ಹಾಕಿಯೇ ಕಚೇರಿಗೆ ವಾಪಸಾಗುತ್ತಿದ್ದ. ಹುತ್ತರಿ ಹಬ್ಬ ಕಳೆದ ಮರುವಾರ ಅತ್ತೆ ಪೂವಮ್ಮ ಹಿತ್ತಲಲ್ಲಿ ಬಿದ್ದು ಬಲಗೈ, ಬಲಗಾಲು, ಮಾತು ಮೂರನ್ನೂ ಒಟ್ಟಿಗೆ ಕಳೆದುಕೊಂಡಿದ್ದಳು. ಹೆಂಡತಿ ನೀಲಾವತಿ ಹಗಲಿಡೀ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಮಧ್ಯಾಹ್ನದ ಗಂಜಿ ಅವನ ಪಾಲಿಗೆ ಬಂದಿತ್ತು. ತಾಲ್ಲೂಕಿನ ಸುಬೇದಾರರ ಕಚೇರಿಯ ಗುಮಾಸ್ತ ಕೊಡೆ ಹಿಡಿದು ಅತ್ತೆಗೆ ಉಣಿಸಲು ಮನೆಗೆ ನಡೆಯುವುದನ್ನು ವಿರಾಜಪೇಟೆಯ ಅಂಗಡಿ ಬೀದಿ ದಿನಾ ನೋಡುತ್ತಿತ್ತು. ಹೆತ್ತ ಮಗನಿದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ಅಕ್ಕಿ ಅಂಗಡಿಯವನು ಒಮ್ಮೆ ಅವನಿಗೆ ಕೇಳುವ ಹಾಗೆಯೇ ಹೇಳಿದ್ದ. ಆ ಮಾತನ್ನು ಧರ್ಮಪಾಲ ಕಚೇರಿಗೂ, ಕಚೇರಿಯಿಂದ ಮನೆಗೂ ಹೊತ್ತುಕೊಂಡು ಓಡಾಡುತ್ತಿದ್ದ. ಹುಟ್ಟಿದಂದಿನಿಂದ ಅವನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ.

ಆಟಕ್ಕೆ ಹೆಚ್ಚು ಹೊತ್ತೇನೂ ಹಿಡಿಯುತ್ತಿರಲಿಲ್ಲ. ಮಂಚದ ಪಕ್ಕ ಮಣೆ ಎಳೆದು ಕೂತು, ಬಿಸಿ ಊದಿ, ಚಮಚ ಮುಂದೆ ಮಾಡುವನು. ಬಾಯಿ ತೆರೆಯುವುದು. ಚಮಚ ಅಲ್ಲೇ ಗಾಳಿಯಲ್ಲಿ ನಿಲ್ಲುವುದು. ‘ಅಳಿಯಂದಿರೆ, ಕೊಡಿ ಅನ್ನಿ ಅತ್ತೆ’ ಎಂದು ಅವನು ಬಹಳ ಮೆಲ್ಲಗೆ, ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳುವನು. ಒಂದು ಕಾಲಕ್ಕೆ ಇಡೀ ಬೀದಿಯನ್ನು ಅಡಗಿಸಿದ್ದ ಆ ಬಾಯಿ ಒಂದು ಕಡೆಗೆ ವಾಲಿಕೊಂಡು ತೆರೆದೇ ಇರುವುದು. ಕಣ್ಣು ಮಾತ್ರ ಬೇಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿತ್ತು. ಅದು ತಗ್ಗಿದ ದಿನ ಆಟ ನಿಲ್ಲಿಸಿಬಿಡುತ್ತೇನೆ ಎಂದು ಅವನು ತನಗೇ ಮಾತು ಕೊಟ್ಟುಕೊಂಡಿದ್ದ. ಇಂದೂ ಚಮಚ ಹಾಗೆಯೇ ಗಾಳಿಯಲ್ಲಿತ್ತು. ಇದ್ದಕ್ಕಿದ್ದಂತೆ ಅದರೊಳಗಿನ ಗಂಜಿ ಹೊಳೆಯಿತು. ಬಿಸಿಲಿನ ಒಂದು ಪಟ್ಟಿ ಮುದುಕಿಯ ಹಣೆ, ಮೂಗು, ತೆರೆದ ಬಾಯಿಯ ಮೇಲೆ ಹಾದು ಅವನ ಮಣಿಕಟ್ಟಿನ ಮೇಲೆ ಬಂದು ಕೂತಿತು. ಅವನು ತಲೆಯೆತ್ತಿದ. ಮಾಡಿನಲ್ಲಿ ಒಂದು ಹೆಂಚು ಇರಲಿಲ್ಲ. ಅದು ಇರಬೇಕಾದ ಕಡೆ ಆಕಾಶವಿತ್ತು, ಆಕಾಶದ ನಡುವೆ ಹೆಂಚಿನ ಕೆಲಸದ ಬೆಳ್ಳಿಯಪ್ಪನ ಮುಖ, ಕೆಳಕ್ಕೆ ಬಗ್ಗಿಕೊಂಡು. ಒಂದು ಉಸಿರಿನಷ್ಟು ಹೊತ್ತು ಅದು ಅಲ್ಲಾಡಲಿಲ್ಲ. ಆಮೇಲೆ ಒಂದು ಕೈ ಬಂತು, ಪಕ್ಕದ ಹೆಂಚೂ ಎದ್ದಿತು, ಬಿಸಿಲಿನ ಪಟ್ಟಿ ಅಗಲವಾಯಿತು. ಧರ್ಮಪಾಲ ಚಮಚವನ್ನು ಮುದುಕಿಯ ಬಾಯಿಗೆ ತುರುಕಿದ. ಅವಳು ಬಹಳ ಹೊತ್ತು ಕೆಮ್ಮಿದಳು.

ಕಾಫಿ ಹೂ ಬಿಡಲು ಒಂದು ಮಳೆ ಬರಲಿ ಎಂದು ಕಾದು ಕೂತಿದ್ದ ಊರಿಗೆ ಹೋದ ವಾರ ಮಳೆಯ ಬದಲು ಕಲ್ಲು ಬಿದ್ದಿತ್ತು. ಆಲಿಕಲ್ಲು ಇಲ್ಲಿಗೆ ಹೊಸದಲ್ಲ, ಮಕ್ಕಳು ಬೊಗಸೆಯಲ್ಲಿ ಆರಿಸಿ ತಿನ್ನುವಂಥದು ವರ್ಷವೂ ಬೀಳುತ್ತದೆ. ಇದು ನೆಲ್ಲಿಕಾಯಿ ಗಾತ್ರದ್ದು. ಮರುದಿನ ಬೀದಿಯ ಮನೆಗಳೆಲ್ಲ ತಲೆಗೆ ಟಾರ್ಪಾಲು, ಗೋಣಿ, ತೆಂಗಿನ ಗರಿ ಹೊದ್ದು ಕೂತಿದ್ದವು. ಪೇಟೆಯಲ್ಲಿ ಹೆಂಚಿನ ಕೆಲಸ ಬಲ್ಲವರೆಂದರೆ ಬೆಳ್ಳಿಯಪ್ಪ, ಅವನ ನೆಂಟರು, ಅಷ್ಟೆ. ಮೊದಲ ಸರದಿ ಪಕ್ಕದ ಮನೆಯ ಉತ್ತಯ್ಯನವರದು. ಸೇನೆಯ ಪಟಾಲಮ್ಮಿನಿಂದ ಪೆನ್ಷನ್ ಪಡೆದು ಬಂದ ಅವರ ಮಾತನ್ನು ಆ ಬೀದಿಯಲ್ಲಿ ಮೀರುವವರಿರಲಿಲ್ಲ. ಆದರೂ ಧರ್ಮಪಾಲ ತಾನೇ ಬೆಳ್ಳಿಯಪ್ಪನ ಗುಡಿಸಲಿಗೆ ಹೋಗಿ, ಸುಬೇದಾರರ ಕಚೇರಿಯ ಹೆಸರನ್ನು ಎರಡೆರಡು ಸಲ ಎತ್ತಿ, ತಮ್ಮ ಮನೆಗೇ ಮೊದಲು ಬರಬೇಕೆಂದಿದ್ದ. ಕಚೇರಿಯ ಹೆಸರಿಗೆ ಬೆಳ್ಳಿಯಪ್ಪನ ಮುಖದಲ್ಲಿ ಏನೂ ಕದಲಲಿಲ್ಲ. ಅತ್ತೆ ಮಲಗಿದ ಕೋಣೆ ಸೋರುತ್ತಿದೆ ಎಂದ ಮೇಲೆ, ದೊಡ್ಡಮ್ಮನ ಮನೆಯಾದರೆ ಉತ್ತಯ್ಯ ಸಾಮಿ ಒಂದು ದಿನ ತಡೆದುಕೊಂಡಾರು ಎಂದು ಏಣಿ ಹೊತ್ತುಕೊಂಡು, ಹೆಂಡತಿ ಸೋಮಿಯನ್ನು ಕರೆದುಕೊಂಡು ಹೊರಟಿದ್ದ. ಅಂದರೆ ಅವನು ಬಂದದ್ದು ಪೂವಮ್ಮನ ಹೆಸರಿಗೆ. ಬಾಯಿ ಬಿದ್ದುಹೋದ ಮೇಲೂ ಅವಳ ಮಾತೇ ನಡೆಯುತ್ತಿತ್ತು.

ಬೆಳ್ಳಿಯಪ್ಪನ ಜನ ಈ ಮನೆಗಳ ಹೊಸಿಲು ದಾಟುವಂತಿರಲಿಲ್ಲ. ಜಗಲಿಯ ಕೆಳಗೆ ಕೂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದು, ಚಿಪ್ಪನ್ನು ತಾವೇ ತೊಳೆದು ಬೇಲಿಗೆ ಸಿಕ್ಕಿಸಬೇಕು. ಆದರೆ ಅದೇ ಮನೆಯ ನೆತ್ತಿಯ ಮೇಲೆ, ದೇವರ ದೀಪದ ಮೇಲೆ, ಗಂಡಹೆಂಡಿರ ಮಂಚದ ಮೇಲೆ ಅವರು ಬರಿಗಾಲಲ್ಲಿ ನಡೆದಾಡುತ್ತಿದ್ದರು. ಹೆಂಚು ಸೋರುವವರೆಗೆ ಜಾತಿ, ಸೋರಿದ ಮೇಲೆ ಏಣಿ ಎಂದು ಪೂವಮ್ಮನೇ ಒಮ್ಮೆ ನಕ್ಕಿದ್ದಳು. ಊರು ಇದಕ್ಕೊಂದು ಕಟ್ಟಳೆ ಮಾಡಿಕೊಂಡಿತ್ತು. ಹೆಂಚು ಎತ್ತುವ ಮೊದಲು ಮೇಲಿನವನು ‘ಬೆಳಕು ಬರ್ತದೆ’ ಎಂದು ಕೂಗಬೇಕು. ಹೆಂಗಸರು ಸೆರಗು ಸರಿಮಾಡಿಕೊಂಡಾದ ಮೇಲೆ ಒಳಗಿನಿಂದ ‘ಬರ್ಲಿ’ ಎನ್ನಬೇಕು. ಬರ್ಲಿ ಕೇಳದೆ ಎತ್ತಿದವನನ್ನು ಮತ್ತೆ ಯಾರೂ ತಮ್ಮ ಮಾಡು ಹತ್ತಿಸುತ್ತಿರಲಿಲ್ಲ. ಇನ್ನೊಂದು ಮಾತೂ ಇತ್ತು. ಮಾಡಿನ ಮೇಲೆ ನಿಂತು ಮನೆಯವರ ತಲೆಯ ಮೇಲೆ ಅಶುಭ ನುಡಿಯಬಾರದು, ಅದರಲ್ಲೂ ಕೆಳಗೆ ಕಾಯಿಲೆಯವರು ಮಲಗಿದ್ದರೆ. ಕೆಟ್ಟದ್ದೇನಾದರೂ ಕಂಡರೆ ಇಳಿದು ಬಂದು, ಮನೆಯ ಯಜಮಾನರನ್ನು ಅಂಗಳದಾಚೆ ಕರೆದು ಮೆಲ್ಲಗೆ ಹೇಳಬೇಕು. ಬೆಳಗಿನಿಂದ ಈ ಕೂಗು ಕೋಣೆಯಿಂದ ಕೋಣೆಗೆ ಸರಿಯುತ್ತ ಬಂದಿತ್ತು. ಶಾಲೆಗೆ ಹೊರಡುವವರೆಗೆ ನೀಲಾವತಿ ಬರ್ಲಿ ಬರ್ಲಿ ಎನ್ನುತ್ತಿದ್ದಳು. ಬಟ್ಟಲು ತೊಳೆಯುತ್ತ ಧರ್ಮಪಾಲ, ಈ ಸಲ ಅವನು ಕೂಗಿದನೆ, ತನಗೇಕೆ ಕೇಳಲಿಲ್ಲ ಎಂದು ನೆನಪನ್ನು ಕೆದಕಿ ಕೆದಕಿ ನೋಡಿದ. ನೆನಪಿನಲ್ಲಿ ಚಮಚವೊಂದೇ ಇತ್ತು.

ಪಕ್ಕದ ಅಂಗಡಿಯವನ ಬಾಯಲ್ಲಿ ಕಚೇರಿಗೆ ತಲೆನೋವೆಂದು ಹೇಳಿಕಳಿಸಿ ಅವನು ಮನೆಯಲ್ಲೇ ಉಳಿದ. ತಲೆಯ ಮೇಲೆ ಹೆಜ್ಜೆಯ ಸದ್ದು ಹೋಗುತ್ತಿತ್ತು, ನಿಲ್ಲುತ್ತಿತ್ತು, ಬರುತ್ತಿತ್ತು. ನಿಂತಾಗಲೆಲ್ಲ ಅವನೂ ನಿಲ್ಲುತ್ತಿದ್ದ. ಈ ಕೋಣೆ ಆಮೇಲೆ ಸೇರಿಸಿ ಕಟ್ಟಿಸಿದ್ದು, ಅದಕ್ಕೆ ಅಟ್ಟವೂ ಇರಲಿಲ್ಲ. ಗಂಡ ಸತ್ತ ಮೇಲೆ ಪೂವಮ್ಮ ಹುಲ್ಲಿನ ಮಾಡು ಕಿತ್ತು ಹಾಕಿಸಿ, ಮಾಕುಟ್ಟದ ಘಾಟಿ ಹತ್ತಿಸಿ ಲಾರಿಯಲ್ಲಿ ಹೆಂಚು ತರಿಸಿದ್ದಳಂತೆ. ಘಾಟಿಯಲ್ಲಿ ಲಾರಿ ನಿಂತಾಗ ತಾನೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಿದ್ದಳಂತೆ. ಈ ಕಥೆ ಕೇಳದ ನೆಂಟರಿಲ್ಲ. ಮದುವೆಯ ವರ್ಷ ಕೈಲುಮುಹೂರ್ತದ ಹಬ್ಬದ ದಿನ, ಹಂದಿ ಸಾರಿನ ಸುತ್ತ ನೆಂಟರೆಲ್ಲ ಕೂತಿದ್ದಾಗ, ಇವನ ಎಲೆಗೆ ಬರೀ ಕೊಬ್ಬಿನ ತುಂಡು ಬಡಿಸಿ, ಸೌಟು ಕೈಯಲ್ಲಿ ಹಿಡಿದುಕೊಂಡೇ ಅವಳು ಹೇಳಿದ್ದಳು: “ಈ ಮನೆಗೆ ನಾನು ಹೊರಗಿಂದ ತರಿಸಿದ್ದು ಎರಡೇ, ಹೆಂಚು, ಅಳಿಯ. ಹೆಂಚು ಇನ್ನೂ ಸೋರಿಲ್ಲೆ.” ಜನ ಎಲೆಯ ಮೇಲೆ ಬಾಗಿ ನಕ್ಕರು. ಧರ್ಮಪಾಲನೂ ನಕ್ಕ. ನೀಲಾವತಿ ಮಾತ್ರ ನಗಲಿಲ್ಲ, ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಅವಳು ಹಾಗೆ ಎದ್ದು ಹೋದದ್ದು ಅವನಿಗೆ ಜನರ ನಗುವಿಗಿಂತ ಹೆಚ್ಚು ಚುಚ್ಚಿತ್ತು. ಮುದುಕಿಯ ಮಾತನ್ನು ಒಂದು ದಿನ ಮರೆತಾನು, ತಾನೂ ಜೊತೆಗೂಡಿ ನಕ್ಕದ್ದನ್ನು ಮರೆಯುವುದು ಹೇಗೆ.

ಕಾಫಿಯ ಹೊತ್ತಾಯಿತು. ಅವನೇ ಕಾಸಿ ತಂದು ಎತ್ತರದಿಂದ ಚಿಪ್ಪುಗಳಿಗೆ ಹೊಯ್ದ. ಬೆಳ್ಳಿಯಪ್ಪ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಎಲೆಯಡಿಕೆ ಚೀಲ ಬಿಚ್ಚಿಟ್ಟುಕೊಂಡಿದ್ದ. ಅದರೊಳಗಿನ ಸುಣ್ಣ ಅವನಿಗೆ ಬಾಯಿಗೂ ಆಗುತ್ತಿತ್ತು, ಕೆಲಸಕ್ಕೂ ಆಗುತ್ತಿತ್ತು. ಬದಲಿಸಬೇಕಾದ ಹೆಂಚಿನ ಮೇಲೆಲ್ಲ ಬೆರಳಿನಿಂದ ಒಂದು ಗೆರೆ ಎಳೆದಿಡುವುದು ಅವನ ರೂಢಿ, ಅಂಗಳದಲ್ಲಿ ಪೇರಿಸಿದ್ದ ಒಡಕು ಹೆಂಚುಗಳ ಮೇಲೆಲ್ಲ ಬಿಳಿ ಗೆರೆಗಳಿದ್ದವು. ಸೋಮಿ ಗಂಡನ ಕಿವಿಯ ಹತ್ತಿರ ಏನೋ ಹೇಳಿ ಸಣ್ಣಗೆ ನಕ್ಕಳು. ಧರ್ಮಪಾಲ ಥಟ್ಟನೆ ಅತ್ತ ತಿರುಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ಅವನದು. ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ.

“ದೊಡ್ಡಮ್ಮ ಉಂಡ್ರಾ, ಅಳಿಯಂದ್ರೆ?” ಎಂದ ಬೆಳ್ಳಿಯಪ್ಪ.

ಬೀದಿಯವರೆಲ್ಲ ಕರೆಯುವ ಹಾಗೆಯೇ ಅವನೂ ಅಳಿಯಂದ್ರೆ ಎಂದು ಕರೆಯುತ್ತಿದ್ದ. ಅಳಿಯಂದಿರೆ, ಕೊಡಿ ಅನ್ನಿ ಅತ್ತೆ. ಈ ಸೂಳೆಮಗ ಅದನ್ನೂ ಕೇಳಿಸಿಕೊಂಡಿದ್ದಾನೆ. ಉಂಡರು ಎಂದು ಧರ್ಮಪಾಲ ಹೇಳಿದ. ಅಷ್ಟಕ್ಕೆ ಬಿಡಬಹುದಾಗಿತ್ತು. ಬೆಳ್ಳಿಯಪ್ಪ ಚಿಪ್ಪನ್ನು ಕೆಳಗಿಟ್ಟು, ನೀಲಕ್ಕ ಎಷ್ಟು ಹೊತ್ತಿಗೆ ಬರ್ತಾರೆ ಎಂದು ಕೇಳಿದ. ಯಾಕೆ ಎಂದದ್ದಕ್ಕೆ, ಅವರ ಹತ್ತಿರ ಒಂದು ಮಾತು ಹೇಳುವುದಿದೆ ಎಂದ. ತನ್ನ ಹತ್ತಿರ ಹೇಳಬಹುದು ಎಂದು ಧರ್ಮಪಾಲ ಅಂದಾಗ ಬೆಳ್ಳಿಯಪ್ಪ ಒಮ್ಮೆ ಪೂವಮ್ಮನ ಕೋಣೆಯ ಕಿಟಕಿಯ ಕಡೆ ನೋಡಿ, ಧ್ವನಿ ತಗ್ಗಿಸಿದ.

“ಬೇಜಾರ್ ಮಾಡ್ಕೋಬೇಡಿ. ಇದು ಮನೆಯವರ ಹತ್ರವೇ ಹೇಳ್ಬೇಕಾದ್ದು.”

ಸೋಮಿ ಚಿಪ್ಪಿನ ತಳ ನೋಡುತ್ತ ಕೂತಿದ್ದಳು. ಅವರಿಬ್ಬರೂ ಎದ್ದು ಕೆಲಸಕ್ಕೆ ಹೋದ ಮೇಲೂ ಧರ್ಮಪಾಲ ಕಾಫಿಯ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದ. ನೀಲಾವತಿ ಬರುತ್ತಾಳೆ, ಕೊಡೆ ಮಡಚುತ್ತಾಳೆ, ಬೆಳ್ಳಿಯಪ್ಪ ಅವಳನ್ನು ಬೇಲಿಯ ಕಡೆ ಕರೆಯುತ್ತಾನೆ. ಅವಳು ಕೂಗಾಡುವವಳಲ್ಲ. ಕೈಲುಮುಹೂರ್ತದ ದಿನದ ಹಾಗೆ ಏನನ್ನೋ ಎತ್ತಿಕೊಂಡು ಒಳಗೆ ಹೋಗುತ್ತಾಳೆ, ಅಷ್ಟೆ, ಮತ್ತೆ ಬದುಕಿರುವವರೆಗೆ ಇವನ ಮುಖ ನೋಡುವುದಿಲ್ಲ. ನಾಳೆ ಈ ಮನುಷ್ಯ ಉತ್ತಯ್ಯನವರ ಮಾಡು ಹತ್ತುತ್ತಾನೆ, ನಾಡಿದ್ದು ಅಕ್ಕಿ ಅಂಗಡಿಯವನದು, ಊರೆಲ್ಲ ಒಡೆದ ಹೆಂಚೇ ತಾನೆ. ಒಂದೊಂದು ಜಗಲಿಯ ಕೆಳಗೂ ಕೂತು, ಎಲೆಗೆ ಸುಣ್ಣ ಸವರುತ್ತ, ಆ ಅಳಿಯ ಗಂಜಿ ಕುಡಿಸುವ ಚಂದ ಹೇಳುತ್ತಾನೆ. ಹೊಸಿಲು ದಾಟಲಾಗದವನಿಗೆ ತನ್ನ ಮಾನ ಸಿಕ್ಕಿಬಿಟ್ಟಿದೆ. ಅವನಿಗೆ ಅಸಹ್ಯವಾಯಿತು. ತಾನು ಮಾಡಿದ್ದರ ಮೇಲಿನ ಅಸಹ್ಯವಲ್ಲ ಅದು, ಬೆಳ್ಳಿಯಪ್ಪ ನೋಡಿದ್ದರ ಮೇಲಿನದು. ನೋಡಬಾರದ್ದನ್ನು ನೋಡಿದವನು ಅವನೇ ಅಲ್ಲವೆ ಎಂಬ ಯೋಚನೆ ಬಂದದ್ದು ಆಗಲೇ. ಬಂದ ಕೂಡಲೇ ಅದು ನಿಜದ ಹಾಗೆಯೇ ಕಾಣಿಸಿತು.

ಉತ್ತಯ್ಯನವರು ಬೆತ್ತ ಊರಿಕೊಂಡು ಬೇಲಿಯ ಹತ್ತಿರ ಬಂದರು. ನಮ್ಮ ಸೀಮೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿಬಿಟ್ಟರೆ ಒಂದು ಹೆಂಚಿಗೂ ಬೆಂಗಳೂರಿಗೆ ಅರ್ಜಿ ಹಾಕಬೇಕಾದೀತು ಎಂದು ತಮ್ಮ ಎಂದಿನ ಮಾತನ್ನೇ ಗೊಣಗಿ, ಇಲ್ಲಿಯದು ಮುಗಿದು ತಮ್ಮ ಸರದಿ ಯಾವಾಗ ಎಂದು ಕೇಳಿದರು. ಧರ್ಮಪಾಲ ತಲೆ ತಗ್ಗಿಸಿ, ನಾಲಗೆ ತಡವರಿಸುವ ಹಾಗೆ, ತಮ್ಮ ಹತ್ತಿರ ಹೇಗೆ ಹೇಳುವುದೋ ತಿಳಿಯುತ್ತಿಲ್ಲ ಎಂದ. ಮೊದಲ ವಾಕ್ಯವಷ್ಟೇ ಬೇಕಾಗಿತ್ತು, ಉಳಿದದ್ದು ತಾನೇ ಬಂತು. ಅತ್ತೆಗೆ ಉಣಿಸುತ್ತಿದ್ದೆ. ಸೆಕೆ ಎಂದು ಹೊದಿಕೆ ಸರಿಸಿದ್ದೆ, ಅವರ ಮೈಮೇಲೆ ಬಟ್ಟೆ ಸರಿಯಿರಲಿಲ್ಲ. ಕೂಗಿಲ್ಲ ಏನಿಲ್ಲ, ಈ ಬೆಳ್ಳಿಯಪ್ಪ ಹೆಂಚು ಎತ್ತಿ ಬಗ್ಗಿ ನೋಡುತ್ತ ಕೂತಿದ್ದ. ಮಾತಾಡಲಾರದ ಹೆಂಗಸು, ಕಣ್ಣಲ್ಲಿ ನೀರು ಹಾಕಿಕೊಂಡರು. ಹೇಳುತ್ತ ಹೇಳುತ್ತ ಅವನು ಅಂಗಿಯ ತೋಳಿನಿಂದ ನಿಜವಾಗಿಯೂ ಕಣ್ಣು ಒರೆಸಿಕೊಂಡ.

ಉ‌ತ್ತಯ್ಯನವರು ಬೆಳ್ಳಿಯಪ್ಪನನ್ನು ಕೆಳಗಿಳಿಸಿದರು. ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ಬೇಲಿಗೆ ಬಂದು ನಿಂತರು. ಕೂಗಿದ್ದೆಯಾ ಎಂದು ಕೇಳಿದಾಗ ಬೆಳ್ಳಿಯಪ್ಪನಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಧರ್ಮಪಾಲನ ಕಡೆಗೆ ತಿರುಗಿದ.

“ಕೂಗಿದೆನಲ್ಲ. ನೀವೇ ಬರ್ಲಿ ಅಂದ್ರಿ, ಅಳಿಯಂದ್ರೆ.”

ಆ ಕ್ಷಣಕ್ಕೆ ಧರ್ಮಪಾಲನಿಗೆ ಎಲ್ಲ ನೆನಪಾಯಿತು. ಕೂಗು ಬಂದಿತ್ತು. ಚಮಚದ ಮೇಲೆ ಕಣ್ಣಿಟ್ಟುಕೊಂಡೇ, ಬೆಳಗಿನಿಂದ ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿದ್ದ ಮಾತನ್ನು, ನೊಣ ಓಡಿಸುವ ಹಾಗೆ, ಅವನೇ ಅಂದಿದ್ದ. ಬರ್ಲಿ. ತನ್ನದೇ ದನಿ ಈಗ ತನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹೌದು, ಮರೆತಿದ್ದೆ ಎಂದುಬಿಟ್ಟರೆ ಎಲ್ಲರೂ ನಕ್ಕು ಚದುರಬಹುದು. ಆಮೇಲೆ ನೀಲಾವತಿ ಬರುತ್ತಾಳೆ, ಬೆಳ್ಳಿಯಪ್ಪ ಅವಳನ್ನು ಬೇಲಿಯ ಕಡೆ ಕರೆಯುತ್ತಾನೆ.

“ನಾನು ಅಂಥ ಮಾತೇ ಆಡಿಲ್ಲ,” ಎಂದ ಧರ್ಮಪಾಲ.

ಹೆಂಚಿನ ಧೂಳು ಮೆತ್ತಿದ ಸೋಮಿ ಗಂಡನ ಪಕ್ಕ ಬಂದು ನಿಂತಿದ್ದಳು. ಗಂಡಸರ ನಡುವೆ ಅವಳು ಮಾತಾಡಿಯಾಳೆಂದು ಯಾರೂ ಎಣಿಸಿರಲಿಲ್ಲ.

“ದೊಡ್ಡಮ್ಮ ಅಲ್ಲೇ ಇದ್ರಲ್ಲ,” ಎಂದಳು. “ಅವರನ್ನೇ ಕೇಳಿ.”

ಉತ್ತಯ್ಯನವರು ಚಪ್ಪಲಿ ಕಳಚಿ ಒಳಗೆ ಬಂದು ಕೋಣೆಯ ಬಾಗಿಲಲ್ಲಿ ನಿಂತು, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಪೂವಕ್ಕ, ಇವ ಕೂಗಿದ್ದು ಹೌದಾ ಎಂದು ಕೇಳಿದರು. ಪೂವಮ್ಮನ ಮುಖ ಕೆಂಪಾಯಿತು. ಗಂಟಲಿನಿಂದ ಒಂದು ಸದ್ದು ಹೊರಟಿತು, ಮಾತಾಗಲಿಲ್ಲ, ಮತ್ತೆ ಹೊರಟಿತು. ಆಮೇಲೆ ಅವಳ ಎಡಗೈ ಹೊದಿಕೆಯ ಮೇಲೆ ಮೆಲ್ಲಗೆ ಎದ್ದಿತು, ನಡುಗುತ್ತ ಧರ್ಮಪಾಲನ ಕಡೆಗೆ ತಿರುಗಿತು. ಬೆರಳು ಇನ್ನೂ ಬಿಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವನು ಹೋಗಿ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಸುಸ್ತು ಮಾಡಿಕೊಳ್ಳಬೇಡಿ ಅತ್ತೆ, ನಾವಿದ್ದೇವೆ ಎಂದು ಅದನ್ನು ಹೊದಿಕೆಯೊಳಗೆ ಇಟ್ಟು ಅಂಚನ್ನು ಅಡಿಗೆ ಸಿಕ್ಕಿಸಿದ. ಹೊದಿಕೆಯೊಳಗೆ ಕೈ ಒದ್ದಾಡುವುದು ಅವನ ಅಂಗೈಗೆ ಗೊತ್ತಾಗುತ್ತಿತ್ತು. ಪೂವಮ್ಮನ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ಎಷ್ಟು ತಿಂಗಳು ಕಾದರೂ ತಗ್ಗದ ಕಣ್ಣು ಅದು.

“ನೋಡಿ,” ಎಂದ ಧರ್ಮಪಾಲ, “ಎಷ್ಟು ನಾಚಿಕೆಪಡ್ತಾ ಇದ್ದಾರೆ.”

ಉತ್ತಯ್ಯನವರು ಮುಖ ತಿರುಗಿಸಿಕೊಂಡು ಹೊರಗೆ ನಡೆದರು. ಅಂಗಳಕ್ಕಿಳಿದವರೇ ಬೆತ್ತವೆತ್ತಿ ಬೆಳ್ಳಿಯಪ್ಪನ ಮೀನಖಂಡಕ್ಕೆ ಬೀಸಿದರು. ಎರಡನೆಯದಕ್ಕೆ ಅವನು ಕೂತುಬಿಟ್ಟ. ಇನ್ನು ಈ ಬೀದಿಯಲ್ಲಿ ಏಣಿ ಇಟ್ಟರೆ ಕಾಲು ಉಳಿಯುವುದಿಲ್ಲ ಎಂದರು. ಬೇಲಿಯ ಹತ್ತಿರದವರು, ಅಂಥವರನ್ನು ಊರಿಗೇ ಸೇರಿಸಬಾರದು ಎಂದು ತಮ್ಮ ತಮ್ಮ ಮನೆಯ ಹೆಂಗಸರನ್ನು ನೆನೆದುಕೊಂಡರು. ಮಾಡಿನ ಮೇಲೆ ದುಡಿಯುವವನಿಗೆ ಈ ಒಂದು ಮಾತು ಸಾಕು, ಕೈಕಾಲು ಗಟ್ಟಿಯಿದ್ದೂ ಏನು ಪ್ರಯೋಜನ. ನೀಲಾವತಿ ಗೇಟು ತೆರೆದದ್ದು ಆಗಲೇ. ಕೊಡೆ ಮಡಚದೆ ನಿಂತಳು. ಧರ್ಮಪಾಲ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ. ಅವಳು ಕೇಳಿ, ಬೆಳ್ಳಿಯಪ್ಪನ ಕಡೆ ನೋಡದೆ, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

“ನೀಲಕ್ಕ, ಒಂದು ಮಾತು,” ಎಂದ ಬೆಳ್ಳಿಯಪ್ಪ ನೆಲದಿಂದಲೇ.

ಉತ್ತಯ್ಯನವರ ಬೆತ್ತ ಮತ್ತೆ ಎದ್ದಿತು. ನೀಲಾವತಿ ತಿರುಗಲಿಲ್ಲ. ತಾಯಿಯ ಕೋಣೆಯ ಕಡೆಗೆ ಹೋಗಿಬಿಟ್ಟಳು. ಸೋಮಿ ಬಗ್ಗಿ ಗಂಡನ ತೋಳು ಹಿಡಿದಳು. “ಬಾ. ಕೇಳುವವರಿಗೆ ಹೇಳ್ಬೇಕು,” ಎಂದಳು. ಏಣಿಯ ಒಂದು ತುದಿ ಅವಳ ಹೆಗಲ ಮೇಲೆ, ಇನ್ನೊಂದು ತುದಿ ಕುಂಟುತ್ತಿದ್ದ ಅವನ ಹೆಗಲ ಮೇಲೆ. ಜನ ದಾರಿ ಬಿಟ್ಟುಕೊಟ್ಟರು. ಬೇಲಿಗೆ ಸಿಕ್ಕಿಸಿದ್ದ ಚಿಪ್ಪುಗಳು ಅಲ್ಲೇ ಉಳಿದವು. ಧರ್ಮಪಾಲನಿಗೆ ಹಗುರಾಯಿತು. ಇಂಥ ಕೆಲಸದ ಮೇಲೆ ಮನಸ್ಸು ಭಾರವಾಗಬೇಕು ಎಂದು ಅವನು ಕೇಳಿದ್ದ, ಓದಿದ್ದ. ಹಾಗೇನೂ ಆಗಲಿಲ್ಲ, ಹಸಿವಾಯಿತು.

ಬ್ರಹ್ಮಗಿರಿಯ ಕಡೆಯಿಂದ ಮೋಡ ಏಳುವುದನ್ನು ಮೊದಲು ನೋಡಿದವಳು ನೀಲಾವತಿ. ಅವ್ವನ ಮಂಚದ ನೇರಕ್ಕೆ ಮಾಡು ತೆರೆದೇ ಇತ್ತು. ಬೆಳ್ಳಿಯಪ್ಪನ ನೆಂಟರಲ್ಲಿ ಇನ್ನು ಯಾರೂ ಈ ಮನೆಗೆ ಬರುವಂತಿರಲಿಲ್ಲ. ನೀನೇ ಹತ್ತಯ್ಯ, ಮಹಾ ಏನು, ನಾಲ್ಕು ಹೆಂಚು ಎಂದು ಉತ್ತಯ್ಯನವರು ಬೇಲಿಯಾಚೆಯಿಂದಲೇ ಧೈರ್ಯ ಹೇಳಿದರು. ಹಿತ್ತಲಲ್ಲಿ ಕರಿಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಇತ್ತು. ಒಂದು ಹೆಂಚು ಎತ್ತಿಡಲು ಬಾರದ ಗಂಡಸು ಎಂದು ಪೂವಮ್ಮ ಮಳೆಗಾಲಕ್ಕೊಂದು ಸಲ ಹೇಳುತ್ತಿದ್ದುದು ಅವನಿಗೆ ಒಂದೊಂದು ಗಣ್ಣಿಗೂ ನೆನಪಾಯಿತು. ಅಂಗಿ ಕಳಚಿ, ಪಂಚೆ ಎತ್ತಿ ಕಟ್ಟಿ, ಹೊಟ್ಟೆಯ ಮೇಲೆ ತೆವಳುತ್ತ ಕಿಂಡಿಯ ಹತ್ತಿರ ಹೋದ. ಬೆಳ್ಳಿಯಪ್ಪ ತಂದಿಟ್ಟ ಹೊಸ ಹೆಂಚುಗಳು ಅಲ್ಲೇ ಕೈಗೆಟಕುವ ಹಾಗೆ ಇದ್ದವು. ಬೆಳ್ಳಿಯಪ್ಪ ಬಗ್ಗಿದ್ದ ಜಾಗದಲ್ಲೇ, ಅವನು ಬಗ್ಗಿದ್ದ ಹಾಗೆಯೇ ಧರ್ಮಪಾಲ ಬಗ್ಗಿ ಕೆಳಗೆ ನೋಡಿದ.

ಏನೂ ಕಾಣಲಿಲ್ಲ. ಬಾವಿಯೊಳಗೆ ನೋಡಿದ ಹಾಗೆ ಕಪ್ಪು. ಹಣೆಗೆ ಕೈ ಅಡ್ಡ ಹಿಡಿದ, ಇನ್ನೂ ಬಗ್ಗಿದ, ಕಣ್ಣು ಕಿರಿದು ಮಾಡಿದ. ಮಂಚವಿಲ್ಲ, ಮಣೆಯಿಲ್ಲ, ಮನುಷ್ಯರಿಲ್ಲ. ನೀಲಾ ಎಂದು ಕರೆದ. ಕತ್ತಲೆಯೊಳಗಿನಿಂದ ಅವಳ ಧ್ವನಿ ಬಂತು, ಇಲ್ಲೇ ಇದ್ದೇನೆ, ಅವ್ವನ ಪಕ್ಕ. ನಾನು ಕಾಣುತ್ತೇನಾ ಎಂದು ಕೇಳಿದ. ಮೂಗಿನ ಮೇಲಿನ ಬೆವರೂ ಕಾಣುತ್ತದೆ ಎಂದಳು. ಈಗ ಮೋಡವಿದೆ, ಬಿಸಿಲಿಲ್ಲ, ಆದರೂ ಹೀಗೆ. ಆಗ ನಡುಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು. ಒಂದು ಹೆಂಚಿನ ಸಂದಿಯಲ್ಲಿ ಬೆಳ್ಳಿಯಪ್ಪನಿಗೆ ಚಮಚವಿರಲಿ ಮಂಚವೂ ಕಂಡಿರಲಾರದು.

“ಅತ್ತೆ ಎಂತ ಮಾಡ್ತಾ ಉಟ್ಟು?” ಎಂದು ಮನೆಮಾತಿನಲ್ಲಿ ಕೇಳಿದ.

“ನಿಮ್ಮನ್ನೇ ನೋಡ್ತಾ ಉಟ್ಟು,” ಎಂದಳು ನೀಲಾವತಿ.

ಹಾಗಾದರೆ ಬೆಳ್ಳಿಯಪ್ಪ ಬಗ್ಗಿ ನೋಡಿದ್ದೇನನ್ನು? ಧರ್ಮಪಾಲನ ಕಣ್ಣು ಕತ್ತಲೆಯಿಂದ ಹಿಂದಕ್ಕೆ ಬಂದಾಗ, ಮೂಗಿನ ಕೆಳಗೇ ಅದು ಕಾಣಿಸಿತು. ಹೆಂಚುಗಳ ಭಾರವನ್ನೆಲ್ಲ ಹೊತ್ತು ನೆತ್ತಿಯಿಂದ ಸೂರಿಗೆ ಇಳಿಯುವ ದಪ್ಪ ಮರದ ಪಕ್ಕಾಸು. ಅದರ ಮೇಲೆ ಬೆರಳಿನಿಂದ ಎಳೆದ ಸುಣ್ಣದ ಗೆರೆ. ಗೆರೆಯ ಪಕ್ಕ ಹೆಬ್ಬೆರಳು ಒತ್ತಿದ. ಬೆರಳು ಗಿಣ್ಣಿನವರೆಗೆ ಒಳಗೆ ಹೋಯಿತು. ಗೆದ್ದಲು ಒಳಗಿನದನ್ನೆಲ್ಲ ತಿಂದು ಮೇಲಿನ ಸಿಪ್ಪೆಯನ್ನಷ್ಟೇ ಉಳಿಸಿತ್ತು. ಪಕ್ಕದ ಪಕ್ಕಾಸನ್ನೂ ಒತ್ತಿ ನೋಡಿದ. ಅದರ ಮೇಲೂ ಗೆರೆಯಿತ್ತು. ಕಾಯಿಲೆಯವರ ತಲೆಯ ಮೇಲೆ ನಿಂತು ಆಡಬಾರದ ಮಾತು, ಮನೆಯ ಯಜಮಾನರನ್ನು ಅಂಗಳದಾಚೆ ಕರೆದೇ ಹೇಳಬೇಕಾದ ಮಾತು. ತಾನು ಯಜಮಾನನಲ್ಲವಾದ್ದರಿಂದ ತನಗೆ ಹೇಳಿರಲಿಲ್ಲ, ಅಷ್ಟೆ. ಗುಮಾಸ್ತನಿಗೆ ಈ ವಿಷಯ ತಿಳಿಯಲು ಮಾಡು ಹತ್ತಬೇಕಾಯಿತು.

“ಎಂತದೋ ಪುಡಿ ಬಿತ್ತು, ಅವ್ವನ ಮುಖದ ಮೇಲೆ,” ಎಂದಳು ನೀಲಾವತಿ ಕೆಳಗಿನಿಂದ.

ಹಳೇ ಧೂಳು ಎಂದ ಧರ್ಮಪಾಲ. ಹೇಳಿಬಿಡಬಹುದು. ನೀಲಾ, ಮರ ಹೋಗಿದೆ, ಮಂಚ ಆಚೆ ಎಳಿ. ಬಾಯಿ ತೆರೆದರೆ ಮುಗಿಯಿತು. ಆದರೆ ಅವಳು ದಡ್ಡಿಯಲ್ಲ. ಒಂದು ಮಾತು, ನೀಲಕ್ಕ, ಎಂದು ಬೆಳ್ಳಿಯಪ್ಪ ಹೇಳಲು ಬಂದದ್ದು ಇದನ್ನೇ ಎಂದು ಗೊತ್ತಾಗುತ್ತದೆ. ಮರ ನೋಡಲು ಬಗ್ಗಿದವನು ಅವ್ವನನ್ನು ನೋಡಿದ ಎಂದು ನೀವು ಯಾಕೆ ಹೇಳಿದಿರಿ ಎಂದು ಕೇಳುತ್ತಾಳೆ. ಆಗ ನೀವು ಅವ್ವನಿಗೆ ಏನು ಮಾಡುತ್ತಿದ್ದಿರಿ ಎಂದೂ ಕೇಳುತ್ತಾಳೆ. ಒಂದರ ಹಿಂದೆ ಒಂದು ಹೆಂಚು ಎದ್ದ ಹಾಗೆ. ಇಷ್ಟು ಮಳೆಗಾಲ ನಿಂತ ಮರ ಇನ್ನೊಂದು ರಾತ್ರಿ ನಿಲ್ಲುವುದಿಲ್ಲವೆ. ಒಂದೆರಡು ವಾರ ಹೋಗಲಿ, ಜನ ಮರೆಯಲಿ, ತಾನೇ ಕಂಡುಹಿಡಿದ ಹಾಗೆ ಹೇಳಿ ಬದಲಿಸಿದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೀಗೆ ಎಂದುಕೊಂಡು, ಹೊಸ ಹೆಂಚನ್ನು ಎತ್ತಿ, ಸುಣ್ಣದ ಗೆರೆಯ ಮೇಲೆ, ಸದ್ದಾಗದ ಹಾಗೆ ಇಟ್ಟ. ಒಂದೊಂದು ಹೆಂಚಿಗೂ ಕೆಳಗಿನ ಕತ್ತಲೆ ಕಿರಿದಾಗುತ್ತ ಬಂತು. ಕೊನೆಯದು ಉಳಿದಾಗ ನೀಲಾವತಿ, ಹೇಗೂ ಮಳೆ ಬರುವ ಹಾಗಿದೆ, ಹೊಸ ಕೈಯ ಕೆಲಸ ಸೋರಿದರೂ ಸೋರೀತು, ಮಂಚ ಆಚೆ ಗೋಡೆಗೆ ಎಳೆಯಲಾ ಎಂದು ಕೇಳಿದಳು.

“ಬೇಡ, ಅಲ್ಲೇ ಇರಲಿ,” ಎಂದ. “ಎಲ್ಲ ಸಮ ಉಟ್ಟು.”

ಕೈಕಾಲು ತೊಳೆದು ಬಂದಾಗ ದೀಪ ಹಚ್ಚುವ ಹೊತ್ತು. ನೀಲಾವತಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಅವ್ವ ಇವತ್ತು ತನ್ನ ಕೈಯಿಂದ ಬಾಯಿ ತೆರೆಯುತ್ತಿಲ್ಲ, ಮೇಲೇ ನೋಡುತ್ತ ಮಲಗಿದೆ, ದಿನಾ ಮಧ್ಯಾಹ್ನ ನಿಮ್ಮ ಕೈಯ ರೂಢಿ ಅಲ್ಲವೆ, ನೀವೇ ಕುಡಿಸಿ ಎಂದಳು. ಅವನು ಮಾಡು ಹತ್ತಿದ್ದಕ್ಕೋ, ಅವ್ವನ ಮಾನ ಕಾದನೆಂಬುದಕ್ಕೋ, ಬಟ್ಟಲು ಕೊಡುವಾಗ ಅವಳು ಅವನ ಗೀರುಬಿದ್ದ ತೋಳನ್ನು ಒಮ್ಮೆ ಸವರಿದಳು. ಮದುವೆಯಾದ ಮೇಲೆ ಅವಳು ಹಾಗೆ ಸವರಿದ್ದು ಅವನಿಗೆ ನೆನಪಿಲ್ಲ. ಅವನಿಗೆ ಸಂತೋಷವಾಯಿತು, ನಿಜವಾದ ಸಂತೋಷ. ಮಣೆ ಎಂದಿನ ಹಾಗೆ ಮಂಚಕ್ಕೆ ತಾಗಿಕೊಂಡಿತ್ತು. ಅವನು ಒಮ್ಮೆ ಮೇಲೆ ನೋಡಿ, ಅದನ್ನು ಗೋಡೆಯ ಕಡೆಗೆ ಎಳೆದುಕೊಂಡು ಕೂತ. ಅಲ್ಲಿಂದ ಮುದುಕಿಯ ಬಾಯಿಗೆ ಕೈ ಪೂರ್ತಿ ಚಾಚಬೇಕಾಗಿತ್ತು.

ಪೂವಮ್ಮ ಮಣೆ ಸರಿದದ್ದನ್ನು ನೋಡಿದಳು. ಹಣೆಯ ಮೇಲೆ ಇನ್ನೂ ಅಂಟಿದ್ದ ಹುಡಿಯೊಳಗಿನಿಂದ ಆ ಕಣ್ಣು ಮಾಡಿಗೆ ಹೋಯಿತು, ಅವನಿಗೆ ಬಂತು, ಮತ್ತೆ ಮಾಡಿಗೆ ಹೋಯಿತು. ಗಂಟಲಲ್ಲಿ ಒಂದು ಸದ್ದು ಎದ್ದಿತು. ಅಷ್ಟರಲ್ಲಿ ಹೊರಗೆ ಗಾಳಿ ಬೀಸಿ, ಹೆಂಚಿನ ಮೇಲೆ ಮೊದಲನೆಯ ಆಲಿಕಲ್ಲು ಬಿತ್ತು, ಸ್ವಲ್ಪ ತಡೆದು ಇನ್ನೊಂದು. ಅವ್ವ ಹೆದರಿದೆ ಎಂದುಕೊಂಡ ನೀಲಾವತಿ ಮಂಚ ಹತ್ತಿ ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸರಿಯಾಗಿ ಆ ಸುಣ್ಣದ ಗೆರೆಯ ಕೆಳಗೆ. ಅಲ್ಲಿಂದ ಏಳು ಎಂಬ ಮಾತು ಧರ್ಮಪಾಲನ ನಾಲಗೆಗೆ ಬಂತು. ಏಳು ಎಂದರೆ ಯಾಕೆ ಎಂದು ಕೇಳುತ್ತಾಳೆ.

ಅವನು ಗಂಜಿ ಊದಿ ಆರಿಸಿ ಕೈ ಚಾಚಿದ.